ಪಟ್ಟಿ ಮೊದಲು, ಪಾಠ ಆಮೇಲೆ

ಅಮೆರಿಕದಲ್ಲಿ ಹೈಸ್ಕೂಲು ಮುಗಿಸಲಿರುವ ನನ್ನ ಸೋದರಳಿಯನು ಕಮ್ಯುನಿಟಿ ಕಾಲೇಜು ಸೇರುವನೆಂದು ಕೇಳಿ ಮನೆಯ ಹಿರಿಯರ ಮುಖ ಬಾಡಿತು. ಅದಕ್ಕೆ ಕಾರಣವಿಲ್ಲ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಆರಂಭವಾದ ಕಾಲೇಜಿನ ಮಾದರಿಯ ಈ ವಿದ್ಯಾಲಯಗಳಲ್ಲಿ ಕಡಿಮೆ ಶುಲ್ಕದಿಂದ ಎರಡು ವರ್ಷ ಓದಿ, ಮುಂದೆ ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ಸೇರಲು ಅವಕಾಶವುಂಟು.

ಆದರೆ ಅಲ್ಲಿ ಓದಿದುದೆಲ್ಲವನ್ನೂ ಮುಂದಿನ ವಿಶ್ವವಿದ್ಯಾಲಯವು ಮನ್ನಿಸಲೇಬೇಕೆಂದಿಲ್ಲ. ಮನ್ನಿಸದ ವಿಷಯವನ್ನು ಓದಿದರೆ ಹಣವೂ ನಷ್ಟ, ಕಾಲವೂ ನಷ್ಟ. ಆದುದರಿಂದ, ಮಗು, ಮುಂದೆ ಎಲ್ಲಿ ಏನನ್ನು ಓದಬೇಕೆಂಬುದನ್ನು ಈಗಲೇ ಯೋಚಿಸು. ಆ ವಿಶ್ವವಿದ್ಯಾಲಯವು ಒಪ್ಪುವ ಪಾಠಗಳ ಪಟ್ಟಿಯನ್ನು ಕಾಲೇಜಿನ ಸಲಹೆಗಾರರ ಮುಂದಿಟ್ಟು, ಅನಂತರವೇ ವಿಷಯಗಳನ್ನು ಆರಿಸಿಕೊ.

ಹಿರಿಯರೂ ಮುಖ ಬಾಡಿಸಿ ಕುಳಿತಿರದೆ, “ಪಟ್ಟಿ ತಂದೆಯೇನಪ್ಪಾ?” ಎಂದು ವಿಚಾರಿಸಲಿ.