ಬದನೆಯ ನಂಜಲ್ಲ, ಚರ್ಮದ ನೆನಪು

ಬೆಳಗಾವಿ ಜಿಲ್ಲೆಯ ಕೃಷ್ಣಾತೀರದ ಜುಗೂಳದ ಹೊಲದ ಬದುವಿರಲಿ, ನಗರದ ಖಾಲಿ ನಿವೇಶನವಿರಲಿ, ಮಳೆ ಬಿದ್ದೊಡನೆ ತಲೆಯೆತ್ತುವ ಬಿಳಿ ಹೂವಿನ ಕಳೆಯೊಂದುಂಟು. ಶಾಸ್ತ್ರಜ್ಞರಿಗೆ ಅದು ಪಾರ್ಥೇನಿಯಂ. ಜನರ ಬಾಯಲ್ಲಿ ಕಾಂಗ್ರೆಸ್ ಗಿಡ. ಅಮೆರಿಕ ಖಂಡದ ಮೂಲದ ಈ ಗಿಡವನ್ನು 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಗುರುತಿಸಲಾಯಿತು. ಅಲ್ಲಿಂದೀಚೆಗೆ ಅದು ಕನ್ನಡನಾಡನ್ನೆಲ್ಲ ಆವರಿಸಿದೆ.

ಇದನ್ನು ವರ್ಷಗಟ್ಟಲೆ ಬರಿಗೈಯಿಂದ ಕಿತ್ತವನಿಗೂ ಒಂದು ದಿನ ಹಠಾತ್ತಾಗಿ ರೆಪ್ಪೆ, ಕತ್ತು, ಮೊಣಕೈಯ ಮಡಿಕೆಗಳಲ್ಲಿ ತುರಿಕೆ ಎದ್ದು ನೀರೊಡೆಯಬಹುದು. ಕಳೆ ಕಿತ್ತು ಎರಡು ದಿನ ಕಳೆದಿರುವುದರಿಂದ ಗಿಡದ ಮೇಲೆ ಯಾರಿಗೂ ಸಂದೇಹ ಬಾರದು. ಮನೆಯ ಹಿರಿಯರು ಬದನೆಕಾಯಿಯ ನಂಜೆಂದು ಪಥ್ಯ ಹೇಳುತ್ತಾರೆ.

ನಿಜವಾದ ಕಾರಣ ಗಿಡದಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕ. ಅದರ ಅಣು ಬಲು ಚಿಕ್ಕದು. ಒಂಟಿಯಾಗಿ ಬಂದರೆ ದೇಹದ ಕಾವಲುಗಾರರ ಕಣ್ಣಿಗೆ ಬೀಳದು. ಚರ್ಮದ ಪ್ರೋಟೀನಿಗೆ ಅಂಟಿಕೊಂಡಾಗಲಾದರೋ ಆ ಸ್ವಂತ ಪ್ರೋಟೀನೇ ಪರಕೀಯವಾಗಿ ತೋರುತ್ತದೆ. ಚರ್ಮದಲ್ಲಿರುವ ಲ್ಯಾಂಗರ್‌ಹಾನ್ಸ್ ಮೊದಲಾದ ಜೀವಕಣಗಳು ಆ ಸುದ್ದಿಯನ್ನು ಹತ್ತಿರದ ದುಗ್ಧರಸ ಗ್ರಂಥಿಗೆ ಒಯ್ಯುತ್ತವೆ. (1868ರಲ್ಲಿ ಇವನ್ನು ವರ್ಣಿಸಿದ ಜರ್ಮನಿಯ ವೈದ್ಯ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹಾನ್ಸ್, ಇವು ನರಕಣಗಳೆಂದೇ ಭಾವಿಸಿದ್ದನು.) ಗ್ರಂಥಿಯಲ್ಲಿ ಅದನ್ನು ಗುರುತಿಸಬಲ್ಲ ಟಿ-ಕಣಗಳೆಂಬ ಬಿಳಿಯ ರಕ್ತಕಣಗಳು ವೃದ್ಧಿಹೊಂದುತ್ತವೆ, ಕೆಲವು ವರ್ಷಗಟ್ಟಲೆ ನೆನಪಿಟ್ಟುಕೊಂಡು ಉಳಿಯುತ್ತವೆ. ಈ ಸಿದ್ಧತೆಗೆ ಹತ್ತು ಹದಿನೈದು ದಿನ ಬೇಕು. ಹೊರಗೆ ಯಾವ ಗುರುತೂ ಕಾಣದು.

ಮುಂದೆ ಗಿಡ ಸೋಕಿದಾಗ ಆ ಕಣಗಳು ಚರ್ಮಕ್ಕೆ ಧಾವಿಸಿ ಉರಿಯೂತ ಎಬ್ಬಿಸುತ್ತವೆ. ಅವು ಬಂದು ಸೇರಲು ಹಿಡಿಯುವ ಹೊತ್ತೇ ಆ ಎರಡು ದಿನಗಳ ತಡ. 1942ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ಚೇಸ್ ಎಂಬ ವಿಜ್ಞಾನಿಗಳು, ರಾಸಾಯನಿಕ ಒಗ್ಗದ ಗಿನಿಯಿಲಿಯ ಬಿಳಿಕಣಗಳನ್ನು ಇನ್ನೊಂದಕ್ಕೆ ಚುಚ್ಚಿದರೆ ಅದಕ್ಕೂ ಆ ಗುಣ ಬರುವುದೆಂದು ತೋರಿಸಿದರು.

ಈ ಬಾಧೆ ಎಲ್ಲರಿಗೂ ಬಾರದು. ಯಾರಿಗೆ ಬಂದೀತೆಂದು ಮುಂದಾಗಿ ಹೇಳಲೂ ಆಗದು. ಇದು ಅಂಟುರೋಗವಲ್ಲ, ರೋಗಿಯ ತಟ್ಟೆ, ಹಾಸಿಗೆಗಳನ್ನು ಬೇರೆ ಮಾಡುವುದು ಅನ್ಯಾಯ. ಮುಲಾಮು ಉರಿಯನ್ನು ಶಮನಗೊಳಿಸೀತು, ನೆನಪನ್ನು ಅಳಿಸದು. ವೈದ್ಯರನ್ನು ಕೇಳದೆ ಸ್ಟೀರಾಯ್ಡ್ ಮುಲಾಮನ್ನು ಬಹುಕಾಲ ಹಚ್ಚಿದರೆ ಚರ್ಮವೇ ತೆಳುವಾಗುತ್ತದೆ. ಸಂದೇಹವಿದ್ದಲ್ಲಿ ಚರ್ಮವೈದ್ಯರು ಬೆನ್ನಿಗೆ ಪಟ್ಟಿ ಅಂಟಿಸಿ, 48 ಗಂಟೆಗಳ ಬಳಿಕ ತೆಗೆದು ಪರೀಕ್ಷಿಸುತ್ತಾರೆ.

ಗಿಡವನ್ನು ಹೂ ಬಿಡುವ ಮೊದಲೇ, ನೆಲ ತೇವವಿರುವಾಗ, ಕೈಗವಸು ಮತ್ತು ತುಂಬುತೋಳಿನ ಅಂಗಿ ತೊಟ್ಟು ಕೀಳಬೇಕು. ಒಡನೆಯೇ ಸೋಪು ಹಚ್ಚಿ ಮೈ ತೊಳೆಯಬೇಕು. ಒಮ್ಮೆ ಬಾಧೆಗೊಳಗಾದವರು ಅದರ ಒಣಪುಡಿ ಹಾರುವ ಗಾಳಿಯಿಂದಲೂ ದೂರವಿರಬೇಕು. ಅವರ ಪಾಲಿನ ಕಳೆ ಕೀಳುವ ಕೆಲಸವನ್ನು ಮನೆಯ ಬೇರೊಬ್ಬರು ವಹಿಸಿಕೊಳ್ಳುವುದು ಯಾವ ಪಥ್ಯಕ್ಕಿಂತಲೂ ಮಿಗಿಲಾದ ಉಪಚಾರ.