‘ಐ ಅಗ್ರೀ’ ಒತ್ತೋ ಮೊದಲು ಕನ್ನಡದಲ್ಲಿ ಕೇಳಿ

ಆಪ್ ಇಳಿಸ್ಕೊಂಡ ಕೂಡ್ಲೇ ನಾವೆಲ್ಲ ಏನ್ಮಾಡ್ತೀವಿ? ಇಂಗ್ಲಿಷಿನ ಉದ್ದ ಷರತ್ತುಗಳನ್ನ ಸರ್ರಂತ ಮೇಲಕ್ಕೆ ತಳ್ಳಿ ‘ಐ ಅಗ್ರೀ’ ಒತ್ತಿಬಿಡ್ತೀವಿ. ಕಂಪನಿಗಳು ಇದನ್ನ ಒಪ್ಪಿಗೆ ಅಂತಾವೆ. ಓದೋಕೆ ಬಾರದವರ ಹತ್ರ ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ತಿದ್ದ ಸಾಹುಕಾರನೂ ಹಂಗೇ ಅಂತಿದ್ದ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 5 ಮತ್ತು 6ನೇ ಕಲಂ ಓದಿ ಗೆಳೆಯರೇ. ನಿಮ್ಮ ಯಾವ ಮಾಹಿತಿ, ಯಾಕೆ ಬೇಕು ಅನ್ನೋ ನೋಟಿಸನ್ನ ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ 8ನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಲೇಬೇಕು. ಆ 22 ಭಾಷೆಗಳಲ್ಲಿ ಕನ್ನಡ ಇದೆ. (ತುಳು ಇಲ್ಲ, ಬಡಗ ಇಲ್ಲ. ಅದು ಬೇರೆಯೇ ಜಗಳ.) ‘ಆಯಾ ರಾಜ್ಯದ ಭಾಷೆ’ ಅನ್ನೋ ಮಾತು ಅಲ್ಲಿಲ್ಲ. ಮಂಜೇಶ್ವರ, ತಾಳವಾಡಿ, ಜತ್ತ, ಎಲ್ಲಿದ್ರೂ ಹಕ್ಕು ಒಂದೇ. ಅಲ್ಪಸಂಖ್ಯಾತರು ಶೇ. 15 ಇದ್ದಾರಾ ಅನ್ನೋ ಹಳೇ ಲೆಕ್ಕ ಇಲ್ಲಿ ನಡೆಯಲ್ಲ.

ಆದ್ರೆ ಬ್ಯಾಂಕ್ ಕೌಂಟರಿನಲ್ಲಿ ಕೂರೋ ನಮ್ಮಂಥವರಿಗೆ ಗೊತ್ತು: ಹಿಂದಿ, ಇಂಗ್ಲಿಷ್, ಶಾಖೆ ಇರೋ ರಾಜ್ಯದ ಭಾಷೆ, ಅಲ್ಲಿಗೆ ಫಾರಂ ಮುಗೀತು. ‘ನಿಮಗೆ ತಮಿಳು ಬರುತ್ತಲ್ಲ, ಮಲಯಾಳಂ ಬರುತ್ತಲ್ಲ’ ಅಂತಾರೆ. ಬರುತ್ತೆ. ಸಂತೆಯಲ್ಲಿ ವ್ಯಾಪಾರ ಮಾಡೋಕೆ ಬರೋದು ಬೇರೆ, ಕರಾರು ಓದಿ ಒಪ್ಪೋದು ಬೇರೆ.

ಮಾಹಿತಿ ದೇಶ ದಾಟುವ ವಿಷಯದಲ್ಲಂತೂ ಕಾಯ್ದೆ ಇನ್ನೂ ಸಡಿಲ. 16ನೇ ಕಲಂ ಪ್ರಕಾರ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ತಡೆದ ದೇಶ ಬಿಟ್ಟು ಬೇರೆಡೆಗೆ ಕಳಿಸಬಹುದು. ಯಾವ ದೇಶಕ್ಕೆ ಅಂತ ನೋಟಿಸಿನಲ್ಲಿ ಬರೆಯಿರಿ ಎಂದು 5ನೇ ಕಲಂ ಹೇಳೋದೇ ಇಲ್ಲ. ಯೂರೋಪಿನ ಜಿಡಿಪಿಆರ್ ಕಾನೂನಿನಲ್ಲಿ ಅದನ್ನ ಮೊದಲೇ ತಿಳಿಸಬೇಕು. ಅಲ್ಲಿನವರ ಮಾಹಿತಿಯನ್ನ ನಿಯಮ ಮೀರಿ ಅಮೆರಿಕಕ್ಕೆ ಸಾಗಿಸಿದ್ದಕ್ಕೆ ಫೇಸ್‌ಬುಕ್ಕಿನ ಮೆಟಾ ಕಂಪನಿಗೆ 2023ರ ಮೇ ತಿಂಗಳಲ್ಲಿ 120 ಕೋಟಿ ಯೂರೋ ದಂಡ ಬಿತ್ತು. ನಮ್ಮಲ್ಲಿ ಪಾವತಿ ಮಾಹಿತಿ ಭಾರತದಲ್ಲೇ ಇರಬೇಕು ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಆದೇಶ ಮಾಡಿದೆ. ದುಡ್ಡಿನ ಲೆಕ್ಕಕ್ಕಿರೋ ಬೇಲಿ ನಮ್ಮ ಫೋಟೋಗೆ, ಫೋನಿನಲ್ಲಿರೋ ನಂಬರುಗಳಿಗೆ ಯಾಕಿಲ್ಲ?

ನಿಯಮಗಳು 2025ರ ನವೆಂಬರಿನಲ್ಲಿ ಬಂದಿವೆ. ಒಪ್ಪಿಗೆಯ ಕಲಂಗಳು ಜಾರಿಯಾಗೋದು ಅಲ್ಲಿಂದ 18 ತಿಂಗಳಿಗೆ. ಕಂಪನಿಗಳು ನೋಟಿಸು ಸಿದ್ಧ ಮಾಡೋ ಹೊತ್ತು ಇದೇ. ನೀವು ಬಳಸೋ ಆಪಿನ, ನಿಮ್ಮ ಬ್ಯಾಂಕಿನ ದೂರು ಅಧಿಕಾರಿಗೆ ಈ ವಾರವೇ ಎರಡು ಸಾಲು ಬರೆಯಿರಿ: ನೋಟಿಸು ಕನ್ನಡದಲ್ಲಿ ಬೇಕು, ಮಾಹಿತಿ ಯಾವ ದೇಶಕ್ಕೆ ಹೋಗುತ್ತೆ ತಿಳಿಸಿ. ಬಂದ ಉತ್ತರದ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, ನಾಳೆ ದತ್ತಾಂಶ ಸಂರಕ್ಷಣಾ ಮಂಡಳಿಗೆ ದೂರು ಕೊಡೋಕೆ ಬೇಕಾಗುತ್ತೆ.