ಸೆರೆವಾಸದ ಶಿಕ್ಷೆಯಲ್ಲಿ ಕಾಯಿಲೆಯೂ ಸೇರಿದೆಯೇ?

ಕೊಲೆ ಪ್ರಕರಣದ ಆರೋಪಿಯಾದ ಚಿತ್ರನಟ ದರ್ಶನ್‌ರಿಗೆ ಬೆನ್ನುನೋವಿನ ಚಿಕಿತ್ಸೆಗಾಗಿ ಕರ್ನಾಟಕ ಹೈಕೋರ್ಟು 2024ರ ಅಕ್ಟೋಬರ್ 30ರಂದು ಆರು ವಾರಗಳ ಮಧ್ಯಂತರ ಜಾಮೀನು ನೀಡಿತು. ಅವರು ಕೆಂಗೇರಿಯ ಖಾಸಗಿ ಆಸ್ಪತ್ರೆಯೊಂದಕ್ಕೆ ದಾಖಲಾದರು. ಆ ಬಳಿಕ ಅವರಿಗೆ ದೊರೆತ ಜಾಮೀನನ್ನು ಸುಪ್ರೀಂ ಕೋರ್ಟು 2025ರ ಆಗಸ್ಟ್‌ನಲ್ಲಿ ರದ್ದುಪಡಿಸಿ, ಸೆರೆಮನೆಯಲ್ಲಿ ವಿಶೇಷ ಸೌಲಭ್ಯ ಸಲ್ಲದೆಂದೂ ಎಚ್ಚರಿಸಿತು. ರೋಗಿಗೆ ಚಿಕಿತ್ಸೆ ದೊರೆತುದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಹೆಸರಾಂತ ವಕೀಲರನ್ನು ನೇಮಿಸಿಕೊಳ್ಳಲಾಗದ ಕೈದಿಯ ನೋವನ್ನು ಕೇಳುವವರು ಯಾರು?

ಈ ಪ್ರಶ್ನೆ ಹೊಸದಲ್ಲ. ಇಂದಿನ ಫ್ರೀಡಂ ಪಾರ್ಕ್ ಹಿಂದೆ ಬೆಂಗಳೂರಿನ ಕೇಂದ್ರ ಕಾರಾಗೃಹವಾಗಿತ್ತು. ತುರ್ತುಪರಿಸ್ಥಿತಿಯ ದಿನಗಳಲ್ಲಿ ನಟಿ ಸ್ನೇಹಲತಾ ರೆಡ್ಡಿಯವರನ್ನು ಅಲ್ಲಿ ಎಂಟು ತಿಂಗಳು ಇರಿಸಲಾಯಿತು. ತೀವ್ರ ಆಸ್ತಮಾದಿಂದ ನರಳುತ್ತಿದ್ದ ಅವರು 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಕೊಯಮತ್ತೂರು ಪ್ರಕರಣದಲ್ಲಿ ಒಂಬತ್ತು ವರ್ಷ ಸೆರೆಯಲ್ಲಿದ್ದು 2007ರಲ್ಲಿ ನಿರ್ದೋಷಿಯೆನಿಸಿದ ಅಬ್ದುನ್ನಾಸರ್ ಮಅದನಿ, ಬೆಂಗಳೂರು ಸ್ಫೋಟ ಪ್ರಕರಣದಲ್ಲಿ 2010ರಲ್ಲಿ ಮತ್ತೆ ಬಂಧಿತರಾದರು. ಒಂದು ಕಾಲನ್ನು ಕಳೆದುಕೊಂಡಿದ್ದ, ಮಧುಮೇಹದಿಂದ ದೃಷ್ಟಿ ಮಂಜಾಗುತ್ತಿದ್ದ ಅವರಿಗೆ ಚಿಕಿತ್ಸೆಗಾಗಿ ಸುಪ್ರೀಂ ಕೋರ್ಟಿನ ಜಾಮೀನು ದೊರೆತದ್ದು 2014ರ ಜುಲೈಯಲ್ಲಿ. ಅಷ್ಟರಲ್ಲಿ ಸುಮಾರು ನಾಲ್ಕು ವರ್ಷಗಳು ಸಂದಿದ್ದವು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1984ರಲ್ಲಿ ಬೆಂಗಳೂರು ಕೇಂದ್ರ ಕಾರಾಗೃಹದ ಕೈದಿಯೊಬ್ಬರು ಬರೆದ ಪತ್ರವನ್ನೇ ಸುಪ್ರೀಂ ಕೋರ್ಟು ಅರ್ಜಿಯೆಂದು ಸ್ವೀಕರಿಸಿತು. ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಆ ಪ್ರಕರಣದ 1996ರ ತೀರ್ಪು ಸೆರೆಮನೆಗಳ ಒಂಬತ್ತು ಸಮಸ್ಯೆಗಳನ್ನು ಗುರುತಿಸಿತು. ಆರೋಗ್ಯ ಮತ್ತು ನೈರ್ಮಲ್ಯದ ನಿರ್ಲಕ್ಷ್ಯ ಅವುಗಳಲ್ಲೊಂದು. ಗಾಯಾಳು ನಿರಪರಾಧಿಯಿರಲಿ, ಅಪರಾಧಿಯಿರಲಿ, ಜೀವ ಉಳಿಸುವುದು ವೈದ್ಯರ ಕರ್ತವ್ಯವೆಂದು ಅದೇ ನ್ಯಾಯಾಲಯ 1989ರಲ್ಲಿ ಹೇಳಿತ್ತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 480ನೇ ಕಲಮಿನಂತೆ, ಗಂಭೀರ ಆರೋಪವಿದ್ದರೂ ರೋಗಿ ಅಥವಾ ಅಶಕ್ತನಾದವನಿಗೆ ನ್ಯಾಯಾಲಯ ಜಾಮೀನು ನೀಡಬಹುದು. ನ್ಯಾಯಾಲಯ ವಿಧಿಸುವ ಶಿಕ್ಷೆ ಸ್ವಾತಂತ್ರ್ಯದ ನಿರ್ಬಂಧ ಮಾತ್ರ. ಔಷಧಿಯ ನಿರಾಕರಣೆಯನ್ನು ಯಾವ ತೀರ್ಪಿನಲ್ಲೂ ಬರೆದಿರುವುದಿಲ್ಲ.

ಪವಿತ್ರ ಕುರ್‌ಆನಿನ ಅಲ್ ಇನ್ಸಾನ್ ಅಧ್ಯಾಯವು ಬಡವ ಮತ್ತು ಅನಾಥರ ಜೊತೆಯಲ್ಲೇ ಸೆರೆಯಾಳನ್ನೂ ಹೆಸರಿಸಿ, ಅವನಿಗೆ ಉಣಬಡಿಸುವವರನ್ನು ಪ್ರಶಂಸಿಸುತ್ತದೆ. ಆ ಸೆರೆಯಾಳು ಸಜ್ಜನನಾಗಿರಬೇಕೆಂಬ ಷರತ್ತು ಅಲ್ಲಿಲ್ಲ. ಬದ್ರ್‌ನಲ್ಲಿ ಸೆರೆಸಿಕ್ಕವರು ಮುಸ್ಲಿಮರನ್ನು ಕೊಲ್ಲಲೆಂದೇ ಬಂದವರಾಗಿದ್ದರು. ಆದರೂ ಪ್ರವಾದಿ(ಸ)ರ ಅನುಯಾಯಿಗಳು ತಾವು ಖರ್ಜೂರ ತಿಂದು ಅವರಿಗೆ ರೊಟ್ಟಿ ಕೊಟ್ಟರೆಂದು ಚರಿತ್ರೆ ದಾಖಲಿಸಿದೆ.

ನಮ್ಮ ಮೊಹಲ್ಲಾಗಳಲ್ಲಿ ನಾವು ಮಾಡುವುದೇನು? ಮಗ ಸೆರೆಮನೆ ಸೇರಿದೊಡನೆ ಆ ಮನೆಯವರೊಡನೆ ಮಾತು ಕಡಿಮೆ ಮಾಡುತ್ತೇವೆ. ವಿಜಯನಗರದಿಂದಲೋ ಕೆಂಗೇರಿಯಿಂದಲೋ ನಗರದ ಇನ್ನೊಂದು ತುದಿಯ ಪರಪ್ಪನ ಅಗ್ರಹಾರಕ್ಕೆ ಬಸ್ಸು ಬದಲಿಸುತ್ತಾ ಹೋಗಿಬರುವ ತಾಯಿಗೆ, ಮಗನ ಔಷಧಿಯ ಬಗ್ಗೆ ಯಾರನ್ನು ಕೇಳಬೇಕೆಂಬುದು ತಿಳಿದಿರುವುದಿಲ್ಲ. ಅಪರಾಧವನ್ನು ನಾವು ಸಮರ್ಥಿಸಬೇಕಾಗಿಲ್ಲ. ತಾಯಿಗೆ ದಾರಿ ತೋರಿಸಿದರೆ ಸಾಕು.

ಹಳೆಯ ಚಿಕಿತ್ಸಾ ಚೀಟಿ, ಡಿಸ್ಚಾರ್ಜ್ ಪತ್ರ, ಪರೀಕ್ಷಾ ವರದಿಗಳ ಪ್ರತಿಗಳನ್ನು ವಕೀಲರಿಗೆ ಕೊಡಬೇಕು. ಕಾರಾಗೃಹದ ಅಧೀಕ್ಷಕರಿಗೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಫಲ ಕಾಣದಿದ್ದರೆ, ಆಸ್ಪತ್ರೆಗೆ ಕಳುಹಿಸಲು ಆದೇಶ ಕೋರಿ ವಿಚಾರಣಾ ನ್ಯಾಯಾಲಯಕ್ಕೆ ಅರ್ಜಿ ಹಾಕಿಸಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಬಂಧನದಲ್ಲಿರುವವರು ಉಚಿತ ವಕೀಲರನ್ನು ಪಡೆಯಲು ಅರ್ಹರು. 15100 ಅದರ ಸಹಾಯವಾಣಿ. ಮಾನವ ಹಕ್ಕುಗಳ ಆಯೋಗಕ್ಕೂ ದೂರು ನೀಡಬಹುದು.

ಪ್ರತಿ ಜಮಾಅತ್‌ನಲ್ಲೂ ಒಬ್ಬ ವಕೀಲರು, ಒಬ್ಬ ವೈದ್ಯರು ಇದ್ದೇ ಇರುತ್ತಾರೆ. ಜುಮುಅ ನಮಾಝಿನ ಬಳಿಕ ಅವರಿಬ್ಬರು ಒಂದು ತಾಸು ಕುಳಿತು, ಧರ್ಮ ಕೇಳದೆ, ಇಂತಹ ಕುಟುಂಬಗಳ ಕಾಗದಪತ್ರಗಳನ್ನು ಓದಿ ಅರ್ಜಿ ಬರೆದುಕೊಡಲಿ. ಕೇಸಿನ ತೀರ್ಪನ್ನು ನ್ಯಾಯಾಧೀಶರು ನೀಡುತ್ತಾರೆ. ಅಲ್ಲಿಯವರೆಗೆ ಆ ಕೈದಿ ಬದುಕಿರುವಂತೆ ನೋಡಿಕೊಳ್ಳುವುದರಲ್ಲಿ ನಮ್ಮ ಪಾಲೂ ಇದೆ.